ಕೆಜಿಎಫ್ ಸೈನೈಡ್ ದಿಬ್ಬದ ಮಣ್ಣಲ್ಲಿ ಟನ್ನಿಗೆ 1.42 ಗ್ರಾಂ ಚಿನ್ನ ಬಂತು, ನಂಬಬಹುದಾ?

ಮಾಲೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಮಿನರಲ್ ಪ್ರೊಸೆಸಿಂಗ್ ಎಂಟೆಕ್, ಎರಡನೇ ವರ್ಷ. ನಮ್ಮೂರಿಂದ ಕೆಜಿಎಫ್ ದೂರವಿಲ್ಲ, ಹಾಗಾಗಿ ಪ್ರಾಜೆಕ್ಟ್ ಅಂದಕೂಡಲೇ ಸೈನೈಡ್ ದಿಬ್ಬವೇ ತಲೆಗೆ ಬಂತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೂರಿಪ್ಪತ್ತು ವರ್ಷ ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಸುರಿದ ಪುಡಿ ಮಾತ್ರ ಹದಿಮೂರು ದಿಬ್ಬಗಳಾಗಿ ಅಲ್ಲೇ ಕೂತಿದೆ, ಸುಮಾರು 3.3 ಕೋಟಿ ಟನ್. ಸರಾಸರಿ ಟನ್ನಿಗೆ 0.7 ಗ್ರಾಂ ಉಳಿದಿದೆ ಅಂತ ಲೆಕ್ಕ ಹೇಳುತ್ತಾರೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ ದಿಬ್ಬಗಳ ಹರಾಜಿಗೆ ಒಪ್ಪಿದ ಮೇಲೆ ನಮ್ಮ ವಿಭಾಗದಲ್ಲೂ ಅದೇ ಮಾತು.

ನಾನು ನಾಲ್ಕು ಕೆಜಿ ತಂದು (ಪತ್ರ ಕೊಟ್ಟು ಅನುಮತಿ ತಗೊಂಡೇ ತಂದದ್ದು) ಬಾಟಲ್ ರೋಲ್ ಟೆಸ್ಟ್ (ಪುಡಿಯನ್ನ ಸೈನೈಡ್ ನೀರಿನ ಜೊತೆ ಬಾಟಲಿಯಲ್ಲಿ ಉರುಳಿಸಿ ಚಿನ್ನ ಕರಗಿಸೋದು) ಮಾಡಿದೆ. ವಿವರ ಹೀಗಿದೆ:

ಪುಡಿ 500 ಗ್ರಾಂ, ನೀರು 750 ಮಿಲಿ. ಸೋಡಿಯಂ ಸೈನೈಡ್ ಲೀಟರಿಗೆ 1 ಗ್ರಾಂ. ಸುಣ್ಣ ಹಾಕಿ ಪಿಎಚ್ 10.5. ಒಟ್ಟು 48 ಗಂಟೆ ಉರುಳಿಸಿದ್ದು. ಮೊದಲಿನ ಪುಡಿಯಲ್ಲಿ ಚಿನ್ನ ಟನ್ನಿಗೆ 1.42 ಗ್ರಾಂ. ಟೆಸ್ಟ್ ಆದ ಮೇಲೆ ಉಳಿದ ಪುಡಿಯಲ್ಲಿ 0.34 ಗ್ರಾಂ. ದ್ರಾವಣದಲ್ಲಿ ಲೀಟರಿಗೆ 0.37 ಮಿಲಿಗ್ರಾಂ.

ಅಂದರೆ ಶೇ 76 ಚಿನ್ನ ಕೈಗೆ ಬಂತು! ಎಲ್ಲರೂ 0.7 ಅನ್ನುವ ಕಡೆ ನನಗೆ ಅದರ ಎರಡರಷ್ಟು. ಗೈಡ್ ಸರ್ ಪೇಪರ್ ಬರಿ ಅಂತಿದ್ದಾರೆ. ಬರೆಯೋದಕ್ಕೆ ಮುಂಚೆ ಪ್ಲಾಂಟಲ್ಲಿ ಕೆಲಸ ಮಾಡಿದವರ ಅಭಿಪ್ರಾಯ ಬೇಕಿತ್ತು.

ಷೇರುಪೇಟೆ

ದಿಬ್ಬ ಯಾವ ಕಂಪನಿಗೆ ಹೋಗುತ್ತೆ ಅಂತ ಗೊತ್ತಿರೋರು ಪರ್ಸನಲ್ ಮೆಸೇಜ್ ಮಾಡಿ ಬ್ರೋ.

ನಿರ್ವಾಹಕ

ಷೇರಿನ ಮಾತಿಗೆ ಬೇರೆ ವಿಭಾಗ ಇದೆ. ಇಲ್ಲಿ ಬೇಡ.

ಊರಿಗಾಂ ಲೈನು

ತಮ್ಮಾ, ನಮ್ಮಪ್ಪ ಮೂವತ್ತೊಂದು ವರ್ಷ ಇಲ್ಲಿನ ಗಣಿ ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದವರು. ನಾನು ಹುಟ್ಟಿದ್ದೇ ಲೈನು ಮನೇಲಿ. ರಟ್ಟಿನ ಡಬ್ಬ ಚಪ್ಪಟೆ ಮಾಡಿ ಅದರ ಮೇಲೆ ಕೂತು ದಿಬ್ಬದಿಂದ ಜಾರೋದು ನಮ್ಮ ಬಾಲ್ಯದ ಆಟ. ಮನೆಗೆ ಬಂದರೆ ಬಿಳಿ ಮೈ ನೋಡಿ ಅಮ್ಮನ ಕೈಲಿ ಏಟು. ಹಾಗಾಗಿ ಆ ಮಣ್ಣಿನ ಪರಿಚಯ ನನಗೆ ಸ್ವಲ್ಪ ಇದೆ.

ಒಂದೇ ಪ್ರಶ್ನೆ. ಯಾವ ದಿಬ್ಬ, ಅದರಲ್ಲಿ ಯಾವ ಜಾಗ? ಎಲ್ಲಾ ದಿಬ್ಬ ಒಂದೇ ಅಲ್ಲಪ್ಪಾ. ಒಂದೊಂದು ಒಂದೊಂದು ಕಾಲದ್ದು. ಮೊದಮೊದಲು ಸ್ಟಾಂಪ್ ಮಿಲ್ಲಲ್ಲಿ ಕುಟ್ಟಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿ ಚಿನ್ನ ಹಿಡೀತಿದ್ದರು. ಆಗಿನ ಪುಡಿ ದಪ್ಪ. ಸೈನೈಡ್ ಬಂದದ್ದು ಆಮೇಲೆ, ನುಣ್ಣಗೆ ಅರೆಯೋದು ಇನ್ನೂ ಆಮೇಲೆ. ಹಳೇ ದಿಬ್ಬ ಕೆಲವನ್ನ ಕೆರೆದು ಇನ್ನೊಂದು ಸಲ ಮಿಲ್ಲಿಗೆ ಹಾಕಿದ್ದೂ ಉಂಟು. ಕಲ್ಲೂ ಬೇರೆ ಬೇರೆ. ಚಾಂಪಿಯನ್ ಲೋಡಿನದ್ದು (ಲೋಡು ಅಂದರೆ ಅದಿರಿನ ಪಟ್ಟಿ) ಬಿಳಿ ಬೆಣಚು, ಚಿನ್ನ ಬಿಡಿಬಿಡಿಯಾಗಿ ಇರೋದು. ಪಶ್ಚಿಮದ ಲೋಡಿನದ್ದು ಗಂಧಕ ಸೇರಿದ ಕಲ್ಲು. "ಕೆಜಿಎಫ್ ದಿಬ್ಬದ ಸ್ಯಾಂಪಲ್" ಅಂದರೆ "ಬೆಂಗಳೂರಿನ ಮನೆ" ಅಂದ ಹಾಗೆ. ಯಾವ ಮನೆ?

ಮಾಲೂರು ಹುಡುಗ

ಅಣ್ಣಾ, ಮಾರಿಕುಪ್ಪಂ ಕಡೆಯದ್ದು. ದಿಬ್ಬದ ಬುಡದಲ್ಲಿ ಮಳೆನೀರು ಕೊರೆದ ಕೊರಕಲು ಇತ್ತು. ಅದರ ತಳದಲ್ಲಿ ಕಪ್ಪು ಗೆರೆ ಥರ ಮಣ್ಣು ಕಾಣಿಸ್ತು. ಅಗೆಯೋಕೆ ಸುಲಭ, ನೋಡೋಕೂ ಚೆನ್ನಾಗಿತ್ತು. ಅಲ್ಲೇ ತುಂಬಿಕೊಂಡೆ.

ಹಟ್ಟಿ ಮಿಲ್ಲು

ಹಹ್ಹಾ! ತಮ್ಮಾ, ಮಳಿರಾಯ ಜಾಲಿಸಿ ಇಟ್ಟಿದ್ದನ್ನ ನೀ ಎತ್ಕೊಂಡ್ ಹೋಗೀದಿ. ಮತ್ತ ಚಿನ್ನ ಜಾಸ್ತಿ ಬರ್ದ ಏನ್ ಮಾಡ್ತದ?

ನಿಮ್ಮವ್ವ ಅಕ್ಕಿ ತೊಳೀವಾಗ ನೋಡಿಲ್ಲೇನು. ನೀರ ಹಾಕಿ ಪಾತ್ರಿ ಓರಿ ಮಾಡಿ ಅಲ್ಲಾಡಿಸ್ತಾ ಅಕ್ಕಿ ಇನ್ನೊಂದು ಪಾತ್ರಿಗಿ ಇಳಿಸ್ತಾರ, ಹರಳು ತಳದಾಗ ಉಳೀತದ. ಹರಳು ಭಾರ, ಅಕ್ಕಿ ಹಗುರ, ಅಷ್ಟ. ಕೊರಕಲದಾಗೂ ಹಂಗ. ಬೆಣಚು ನೀರಿಗಿಂತ ಎರಡೂವರಿ ಪಟ್ಟು ಭಾರ ಇರ್ತದ, ಅದು ಹರ್ಕೊಂಡ್ ಹೋತದ. ಗಂಧಕದ ಖನಿಜ ಐದು ಪಟ್ಟು, ಚಿನ್ನ ಹತ್ತೊಂಬತ್ತು ಪಟ್ಟು, ಅವು ತಳಾ ಹಿಡೀತಾವ. ನೀ ಕಂಡಿದ್ದ ಕಪ್ಪು ಗೆರಿ ಅಂದ್ರ ಅದ. ಗದಗ ಕಡಿ ಕಪ್ಪತಗುಡ್ಡದ ಹಳ್ಳದಾಗ ಜಾಲಗಾರರು ಅಂತ ಇದ್ರು, ಮರದ ಮರಿಗಿ ಹಿಡ್ಕೊಂಡು ಚಿನ್ನ ತೆಗೀತಿದ್ದವ್ರು. ರಾಬರ್ಟ್ ಬ್ರೂಸ್ ಫೂಟ್ ಸಾಹೇಬ ಅವರ ಕೆಲಸ ನೋಡಿ ಬರದಾನ. ಅವರು ಮಳಿ ಬಿದ್ದ ಮ್ಯಾಲ ಹಳ್ಳದ ತಿರುವಿನಾಗ, ಬಂಡಿ ಸಂದಿನಾಗ ಹುಡುಕ್ತಿದ್ರು. ನೀನೂ ಅದನ್ನ ಮಾಡೀದಿ. ಅವರು ಚಿನ್ನಕ್ಕ ಹುಡುಕಿದ್ರು, ನೀ ಸರಾಸರಿ ಹುಡುಕಾಕ ಹೋಗಿದ್ದಿ. ಅಷ್ಟ ಫರಕು.

ಹಂಗಂತ ಬ್ಯಾಸರ ಮಾಡ್ಕೋಬ್ಯಾಡ. ಮೂವತ್ತು ವರ್ಷ ಮಿಲ್ಲಿನಾಗ ದುಡಿದ ನಾವೂ ಬೆಲ್ಟ್ ಮ್ಯಾಲಿಂದ ಸ್ಯಾಂಪಲ್ ತೆಗೀವಾಗ ಕೈಗೆ ಸಿಕ್ಕ ಕಡಿಯಿಂದ ತೆಗೆದು ಬೈಸ್ಕೊಂಡೀವಿ.

ಪುಟ

ಹಟ್ಟಿಯವರು ಜಾಗದ ತಪ್ಪು ಹೇಳಿದರು. ನಾನು ಲೆಕ್ಕದ ತಪ್ಪು ಹೇಳ್ತೀನಿ. ಹದಿನೆಂಟು ವರ್ಷ ಅಸೇ (ಅದಿರಲ್ಲಿ ಚಿನ್ನ ಎಷ್ಟಿದೆ ಅಂತ ಅಳೆಯೋ) ಲ್ಯಾಬ್‌ನಲ್ಲಿ ಇದ್ದವಳು, ಅಂಕಿ ಕಂಡರೆ ಕೂಡಿಸಿ ನೋಡೋ ಚಟ.

ನೀನು ಮೂರು ಅಂಕಿ ಕೊಟ್ಟಿದ್ದೀಯ, ಎರಡನ್ನ ಮಾತ್ರ ಬಳಸಿದ್ದೀಯ. ಮೂರನೇದನ್ನ ಸೇರಿಸು. ದ್ರಾವಣದಲ್ಲಿ ಲೀಟರಿಗೆ 0.37 ಮಿಲಿಗ್ರಾಂ, ಹಾಗಾದರೆ 750 ಮಿಲಿಯಲ್ಲಿ 0.2775 ಮಿಲಿಗ್ರಾಂ ಚಿನ್ನ. ಅದು ಬಂದದ್ದು 500 ಗ್ರಾಂ ಪುಡಿಯಿಂದ. ಟನ್ನಿನ ಲೆಕ್ಕಕ್ಕೆ ತಂದರೆ 0.555 ಗ್ರಾಂ. ಉಳಿದ ಪುಡಿಯಲ್ಲಿ 0.34. ಎರಡೂ ಕೂಡಿದರೆ 0.895. ಅಂದರೆ ನಿನ್ನ ಬಾಟಲಿಯೊಳಗೆ ಇದ್ದದ್ದೇ ಟನ್ನಿಗೆ 0.9 ಗ್ರಾಂ. 1.42 ಅಲ್ಲ. ಕೈಗೆ ಬಂದದ್ದು 0.555ನ್ನ 0.895ರಿಂದ ಭಾಗಿಸಿದಷ್ಟು, ಶೇ 62. ಶೇ 76 ಅಂತ ಪೇಪರ್ ಕಳಿಸಿದ್ದರೆ ಮೊದಲನೇ ಪರಿಶೀಲಕರೇ ಇದನ್ನ ಹಿಡಿದು ವಾಪಸ್ ಕಳಿಸ್ತಿದ್ದರು. (ಕಳಿಸದೇ ಇದ್ದಿದ್ದರೆ ಇನ್ನೂ ಕಷ್ಟ.)

ಹಾಗಾದರೆ 0.52 ಗ್ರಾಂ ವ್ಯತ್ಯಾಸ ಎಲ್ಲಿಂದ? ನಿಮ್ಮ ಲ್ಯಾಬ್‌ನಲ್ಲಿ ಫೈರ್ ಅಸೇಗೆ ಎಷ್ಟು ಪುಡಿ ತಗೋತಾರೆ, 30 ಗ್ರಾಮಾ?

ಮಾಲೂರು ಹುಡುಗ

ಹೌದು ಅಕ್ಕ, 30 ಗ್ರಾಂ. ಒಂದೇ ಸಲ ಮಾಡಿಸಿದ್ದು, ದುಡ್ಡು ಜಾಸ್ತಿ ಅಂತ.

ಪುಟ

ಹಾಗಿದ್ದರೆ ನೋಡು. 30 ಗ್ರಾಂ ಪುಡಿಯಲ್ಲಿ ಟನ್ನಿಗೆ 0.52 ಗ್ರಾಂ ಹೆಚ್ಚು ತೋರಿಸೋಕೆ ಬೇಕಾದ ಚಿನ್ನ ಹದಿನೈದೂವರೆ ಮೈಕ್ರೋಗ್ರಾಂ. ಅದನ್ನ ಗುಂಡಗಿನ ಕಣ ಅಂತ ಲೆಕ್ಕ ಹಾಕಿದರೆ ಅಡ್ಡಳತೆ ಸುಮಾರು 115 ಮೈಕ್ರಾನ್, ಮಿಲಿಮೀಟರಿನ ಹತ್ತನೇ ಒಂದು ಭಾಗ. ಇಂಥ ಒಂದೇ ಒಂದು ಕಣ ನಿನ್ನ ಮೂಸೆಗೆ ಬಿದ್ದರೆ ಸಾಕು, ದಿಬ್ಬ ಪೂರ್ತಿ ಶ್ರೀಮಂತ ಆಗಿಬಿಡುತ್ತೆ. ಬೀಳದಿದ್ದರೆ ಬಡವ. ನೀನು ಕೊರಕಲಿನಿಂದ ತಂದಿದ್ದರಿಂದ ಅಂಥ ಕಣ ಇರೋ ಸಂಭವ ಇನ್ನೂ ಜಾಸ್ತಿ.

ಫೈರ್ ಅಸೇ ನೋಡದವರಿಗೆ ಹೇಳ್ತೀನಿ, ಇದು ನಮ್ಮ ಅಕ್ಕಸಾಲಿಗರು ಪುಟಕ್ಕಿಡೋದರ ಅಣ್ಣನೋ ತಮ್ಮನೋ. ಪುಡಿಗೆ ಸೀಸದ ಆಕ್ಸೈಡ್, ಸೋಡ, ಬೊರಾಕ್ಸ್ ಬೆರೆಸಿ, ಜೊತೆಗೆ ಒಂದಿಷ್ಟು ಮೈದಾ ಹಿಟ್ಟು. ತಮಾಷೆ ಅಲ್ಲ, ಅಂಗಡಿಯ ಮೈದಾನೇ. ಅದರ ಇಂಗಾಲ ಸೀಸದ ಆಕ್ಸೈಡನ್ನ ಸೀಸ ಮಾಡುತ್ತೆ. ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಸೀಸದ ಹನಿಗಳು ಮಳೆ ಥರ ಇಳಿಯುತ್ತಾ ಚಿನ್ನವನ್ನ ಹೊತ್ಕೊಂಡು ತಳಕ್ಕೆ ಬರ್ತವೆ. ಅಚ್ಚಿಗೆ ಸುರಿದು, ತಣ್ಣಗಾದ ಮೇಲೆ ಸುತ್ತಿಗೆಯಲ್ಲಿ ಬಡಿದರೆ ಗಾಜು ಸಿಡಿದು ಸೀಸದ ಗುಂಡಿ ಉಳಿಯುತ್ತೆ. ಅದನ್ನ ಮೂಳೆ ಬೂದಿಯ ಬಟ್ಟಲಲ್ಲಿ ಇಟ್ಟು ಮತ್ತೆ ಕಾಯಿಸಿದರೆ ಸೀಸವನ್ನ ಬಟ್ಟಲೇ ಕುಡಿದುಬಿಡುತ್ತೆ. ಕೊನೆಗೆ ಉಳಿಯೋ ಮಣಿ ಎಷ್ಟು ಚಿಕ್ಕದು ಅಂದರೆ, ಹೊಸಬರು ಚಿಮಟ ಹಿಡಿದು ಹುಡುಕ್ತಾ ಇರ್ತಾರೆ, ಅದು ಅವರ ಉಸಿರಿಗೇ ಹಾರಿಹೋಗಿರುತ್ತೆ. ಬೆಳ್ಳಿ ಸೇರಿಸಿ ಮಾಡೋದೇ ಅದಕ್ಕೆ, ಮಣಿ ಕಣ್ಣಿಗೆ ಕಾಣಲಿ ಅಂತ. ಆಮೇಲೆ ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿಸಿಬಿಡ್ತೀವಿ.

ಇನ್ನೊಂದು ಸಂಶಯಾನೂ ಇದೆ. ನಿನ್ನ ಸ್ಯಾಂಪಲ್ ಅರೆಯೋಕೆ ಮುಂಚೆ ಅದೇ ಪಲ್ವರೈಜರಿನಲ್ಲಿ ಏನು ಅರೆದಿದ್ದರು? ನಾನು ಮೊದಲು ಕೆಲಸಕ್ಕಿದ್ದ ಒಂದು ಖಾಸಗಿ ಲ್ಯಾಬ್‌ನಲ್ಲಿ ಬೆಳಗ್ಗೆ ಗಣಿಯ ಒಳ್ಳೇ ಅದಿರು ಅರೆದು, ಬ್ರಷ್‌ನಲ್ಲಿ ಎರಡು ಸಲ ಗುಡಿಸಿ, ಮಧ್ಯಾಹ್ನ ಯಾರದೋ ಹೊಲದ ಕಲ್ಲು ಹಾಕಿದ್ವಿ. ಹೊಲದ ಕಲ್ಲಿನಲ್ಲಿ ಟನ್ನಿಗೆ 3 ಗ್ರಾಂ ಬಂತು! ಆ ಯಜಮಾನರು ಬೋರ್‌ವೆಲ್ ಗಾಡಿ ಕರೆಸೋ ಮಟ್ಟಕ್ಕೆ ಹೋಗಿದ್ದರು. ಮತ್ತೆ ಮಾಡಿದಾಗ ಸೊನ್ನೆ. ಅವತ್ತಿನಿಂದ ಪ್ರತಿ ಸ್ಯಾಂಪಲ್ ಮಧ್ಯೆ ಒಂದು ಹಿಡಿ ಶುದ್ಧ ಬೆಣಚು ಅರೆದು ಎಸೆಯದೇ ನಾನು ಮುಂದಕ್ಕೆ ಹೋಗೋದಿಲ್ಲ.

ಮಾಲೂರು ಹುಡುಗ

ಅಕ್ಕಾ, ನಿಜವಾಗ್ಲೂ ನಿದ್ದೆ ಬರಲಿಲ್ಲ. ರಿಜಿಸ್ಟರ್ ನೋಡಿದೆ. ನನ್ನದಕ್ಕಿಂತ ಮುಂಚೆ ಅರೆದಿದ್ದು ಮ್ಯಾಂಗನೀಸ್ ಅದಿರು, ಚಿನ್ನದ್ದಲ್ಲ. ಹಾಗಾಗಿ ಕೊರಕಲು ಮತ್ತೆ ಆ ಒಂದು ಕಣ, ಇವೇ ಕಾರಣ ಅನ್ನಿಸುತ್ತೆ. ಗೈಡ್ ಸರ್‌ಗೆ ಶೇ 62ರ ಲೆಕ್ಕ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿಯಾಗಿದೆ" ಅಂದರು.

ಈಗ ಸರಿಯಾಗಿ ಸ್ಯಾಂಪಲ್ ತೆಗೆಯೋದು ಹೇಗೆ? ಇನ್ನೊಂದು, ಟನ್ನಿಗೆ 0.7 ಗ್ರಾಂ, ಅದರಲ್ಲಿ ಶೇ 60 ಸಿಕ್ಕಿದರೆ ಯಾರಿಗಾದರೂ ಗಿಟ್ಟುತ್ತಾ?

ಜೋಬರ್ಗ್ ಕನ್ನಡಿಗ

ಹಾಸನದವನು, ಈಗ ಜೋಹಾನ್ಸ್‌ಬರ್ಗಿನಲ್ಲಿ ಇದೇ ಥರದ ದಿಬ್ಬ ತಿನ್ನುವ ಕೆಲಸ. ಇಲ್ಲಿ 1970ರ ದಶಕದ ಕೊನೆಯಿಂದ ಊರ ಸುತ್ತಲಿನ ಹಳದಿ ದಿಬ್ಬಗಳನ್ನು ಒಂದೊಂದಾಗಿ ನೀರಿನ ಪಿರಂಗಿಯಿಂದ ಕರಗಿಸಿ, ಕೆಸರು ಮಾಡಿ, ಕೊಳವೆಯಲ್ಲಿ ಪ್ಲಾಂಟಿಗೆ ಸಾಗಿಸುತ್ತಿದ್ದಾರೆ. ಟನ್ನಿಗೆ ಅರ್ಧ ಗ್ರಾಂಗಿಂತ ಕಡಿಮೆ ಇದ್ದರೂ ನಡೆಯುತ್ತದೆ. ಹಾಗಾಗಿ 0.7 ಅನ್ನೋದು ಹೀನಾಯ ಅಂಕಿ ಏನಲ್ಲ.

ಮೊದಲು ಸ್ಯಾಂಪಲ್. ದಿಬ್ಬ ಹೇಗೆ ಕಟ್ಟಿದ್ದಾರೆ ಅಂತ ಯೋಚಿಸಿ. ಕೆಸರನ್ನು ಅಂಚಿನಿಂದ ಬಿಡುತ್ತಾರೆ. ದಪ್ಪ ಮರಳು ಅಂಚಲ್ಲೇ ಕೂರುತ್ತದೆ, ನುಣ್ಣನೆಯದು ತೇಲಿ ನಡುವಿನ ಕೊಳಕ್ಕೆ ಹೋಗುತ್ತದೆ. ಅಂಚಲ್ಲಿ ಕೆರೆದರೆ ಒಂದು ದಿಬ್ಬ, ನಡುವೆ ಕೆರೆದರೆ ಇನ್ನೊಂದು. ಮೇಲಿನದು ಕೊನೇ ವರ್ಷದ್ದು, ಬುಡದ್ದು ಮೊದಲ ವರ್ಷದ್ದು. ಆದ್ದರಿಂದ ಚೌಕಗಳಾಗಿ ಗುರುತು ಹಾಕಿ, ಮೇಲಿಂದ ನೆಲ ಸಿಗುವವರೆಗೆ ಆಗರಿನಿಂದ (ತಿರುಪಿನಂಥ ಕೊರೆಯುವ ಸಲಾಕೆ) ಕೊರೆದು, ಮೀಟರ್ ಮೀಟರ್‌ಗೆ ಬೇರೆ ಚೀಲ ಮಾಡಬೇಕು. ಎಂಟೆಕ್ ಹುಡುಗನ ಜೇಬಿಗೆ ಇದು ಆಗುವ ಮಾತಲ್ಲ. ನಿಮ್ಮ ಪ್ರಾಜೆಕ್ಟಿನ ಶೀರ್ಷಿಕೆಯಿಂದ "ಕೆಜಿಎಫ್ ದಿಬ್ಬಗಳು" ತೆಗೆದು "ಒಂದು ದಿಬ್ಬದ ಒಂದು ಕಡೆಯ ಪುಡಿ" ಅಂತ ಹಾಕಿಬಿಡಿ.

ಇನ್ನು ಗಿಟ್ಟುವ ಮಾತು. ಗ್ರಾಂಗೆ ಹತ್ತು ಸಾವಿರ ರೂಪಾಯಿ ಅಂತಿಟ್ಟುಕೊಳ್ಳಿ. ಟನ್ ಮಣ್ಣಲ್ಲಿ ಏಳು ಸಾವಿರ ಇದೆ, ಶೇ 60 ಅಂದರೆ ನಾಲ್ಕು ಸಾವಿರದ ಇನ್ನೂರು. ಉಳಿದ ಚಿನ್ನ ಬೆಣಚಿನ ಅಥವಾ ಸಲ್ಫೈಡಿನ (ಗಂಧಕದ ಖನಿಜದ) ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದರೆ ಮತ್ತೆ ಅರೆಯಬೇಕು. ಅರೆಯೋದು ದುಬಾರಿ ಅಂತ ಎಲ್ಲರೂ ಹೆದರಿಸುತ್ತಾರೆ. ಲೆಕ್ಕ ಮಾಡಿ ನೋಡಿ. ಅರೆಯೋಕೆ ಎಷ್ಟು ಕರೆಂಟು ಬೇಕು ಅಂತ ಹೇಳುವ ಬಾಂಡ್ ಸೂತ್ರದಲ್ಲಿ ವರ್ಕ್ ಇಂಡೆಕ್ಸ್ (ಕಲ್ಲು ಅರೆಯೋದು ಎಷ್ಟು ಕಷ್ಟ ಅನ್ನುವ ಅಳತೆ) 14 ಅಂತ ಊಹಿಸಿ, 100 ಮೈಕ್ರಾನ್‌ನಿಂದ 30 ಮೈಕ್ರಾನ್‌ಗೆ ಇಳಿಸೋಕೆ ಟನ್ನಿಗೆ ಹನ್ನೊಂದೂವರೆ ಯೂನಿಟ್ ಕರೆಂಟು. ಯೂನಿಟ್ಟಿಗೆ 8 ರೂಪಾಯಿ ಹಾಕಿದರೂ ನೂರು ರೂಪಾಯಿ ದಾಟಲ್ಲ. ಅದರಿಂದ ಟನ್ನಿಗೆ 0.1 ಗ್ರಾಂ ಹೆಚ್ಚು ಸಿಕ್ಕರೆ ಸಾವಿರ ರೂಪಾಯಿ. ಗುಂಡು ಸವೆತ, ಯಂತ್ರದ ಸಾಲ ಸೇರಿಸಿದರೂ ಉಳಿಯುತ್ತದೆ. 10 ಮೈಕ್ರಾನ್‌ವರೆಗೆ ಹೋಗ್ತೀನಿ ಅಂದರೆ ಈ ಸೂತ್ರ ನಂಬಬೇಡಿ, ಅಷ್ಟು ನುಣುಪಿಗೆ ಅದು ಕಡಿಮೆ ತೋರಿಸುತ್ತದೆ.

ಹಾಗಾಗಿ ಕರೆಂಟು ದೊಡ್ಡ ಅಡ್ಡಿ ಅಲ್ಲ. ನೀರು ಅಡ್ಡಿ. 3.3 ಕೋಟಿ ಟನ್ನನ್ನು ಹದಿನೈದು ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಆರು ಸಾವಿರ ಟನ್. ಬಳಸಿದ ನೀರನ್ನೇ ಎಷ್ಟು ತಿರುಗಿಸಿದರೂ, ಕೂತ ಕೆಸರು ಟನ್ನಿಗೆ 0.3 ಟನ್ ನೀರು ಹಿಡಿದುಕೊಳ್ಳುತ್ತೆ ಅಂದುಕೊಂಡರೆ ದಿನಕ್ಕೆ ಹದಿನೆಂಟು ಲಕ್ಷ ಲೀಟರ್ ಹೊಸ ನೀರು. ಕೋಲಾರದಲ್ಲಿ!

ಊರಿಗಾಂ ಲೈನು

> ಕೋಲಾರದಲ್ಲಿ!

ಅದೇ ನೋಡಿ. ಬ್ರಿಟಿಷರ ಕಾಲದಲ್ಲೂ ಬೇತಮಂಗಲ ಕೆರೆ ನೀರು ತಂದೇ ಮಿಲ್ಲು, ಊರು ಎರಡೂ ನಡೆದದ್ದು. ಕರೆಂಟು 1902ರಲ್ಲೇ ಶಿವನಸಮುದ್ರದಿಂದ ಬಂತು, ನಮ್ಮಲ್ಲಿ ಕರೆಂಟಿಗೆ ಬರ ಇರಲಿಲ್ಲ, ನೀರಿಗೆ ಇತ್ತು. ಈಗ ಬೆಂಗಳೂರಿನ ಚರಂಡಿ ನೀರು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಮೂಲಕ ಕೋಲಾರದ ಕೆರೆಗಳಿಗೆ ಬಿಡ್ತಾರೆ. ಅದನ್ನೇ ಬಳಸಬಹುದು ಅನ್ನೋರಿದ್ದಾರೆ.

ಆದರೆ ನೀವೆಲ್ಲ ಲೆಕ್ಕ ಹಾಕ್ತಾ ಒಂದು ಬಿಟ್ಟಿರಿ. ಅರೆದು ಚಿನ್ನ ತೆಗೆದ ಮೇಲೆ ಆ ಮಣ್ಣು ಎಲ್ಲಿಗೆ ಹೋಗುತ್ತೆ? ಟನ್ನಿನಿಂದ ಅರ್ಧ ಗ್ರಾಂ ತೆಗೆದರೆ ಉಳಿದದ್ದು ಟನ್ನೇ. ಇನ್ನೂ ನುಣ್ಣಗಾಗಿರುತ್ತೆ. ಆಷಾಢದ ಗಾಳಿಗೆ ಈಗಲೇ ಮಧ್ಯಾಹ್ನ ಕಿಟಕಿ ತೆಗೆಯೋಕಾಗಲ್ಲ, ತಟ್ಟೆಯಲ್ಲಿ ಅನ್ನದ ಮೇಲೆ ಬಿಳಿ ಪುಡಿ. ನಮ್ಮಪ್ಪನ ಕೆಮ್ಮು ಒಳಗಿನ ಧೂಳಿಂದ ಬಂತಾ, ಹೊರಗಿನ ಧೂಳಿಂದ ಬಂತಾ ಅಂತ ಯಾವ ಡಾಕ್ಟರೂ ಹೇಳಲಿಲ್ಲ. ಅದನ್ನ ಇನ್ನೂ ಸಣ್ಣಗೆ ಅರೆದು ಮತ್ತೆ ನಮ್ಮ ಮನೆ ಹಿಂದೇನೇ ಗುಡ್ಡೆ ಹಾಕ್ತೀರಾ?

ಜೋಬರ್ಗ್ ಕನ್ನಡಿಗ

ಅಣ್ಣಾ, ಈ ಪ್ರಶ್ನೆಗೆ ನನ್ನ ಹತ್ತಿರ ನುಣುಚಿಕೊಳ್ಳುವ ಉತ್ತರ ಇಲ್ಲ. ನಮ್ಮ ಕಸುಬಿನ ದೊಡ್ಡ ಅಪಘಾತಗಳಲ್ಲಿ ಒಂದು ಆದದ್ದೇ ಹಳೇ ದಿಬ್ಬ ಮತ್ತೆ ಅರೆಯುವ ಪ್ಲಾಂಟಿನಲ್ಲಿ. ರೊಮೇನಿಯಾದ ಬಾಯಾ ಮಾರೆ ಊರು. ಊರೊಳಗಿನ ಹಳೇ ದಿಬ್ಬ ತೆಗೆದು ಹೊರಗೆ ಸಾಗಿಸ್ತೀವಿ, ಊರೂ ಸ್ವಚ್ಛ, ಚಿನ್ನವೂ ಬಂತು ಅಂತ ಶುರು ಮಾಡಿದ್ದರು. 2000ನೇ ಇಸವಿ ಜನವರಿ 30ರ ರಾತ್ರಿ, ಹಿಮ ಕರಗಿ ಮಳೆಯೂ ಸೇರಿ ಹೊಸ ಒಡ್ಡು ಒಡೆಯಿತು. ಸೈನೈಡ್ ಬೆರೆತ ಒಂದು ಲಕ್ಷ ಘನ ಮೀಟರ್ ನೀರು ನದಿಗಿಳಿದು ಹಂಗೇರಿಯ ಟಿಸಾ, ಅಲ್ಲಿಂದ ಡ್ಯಾನ್ಯೂಬ್ ಸೇರಿತು. ಮೀನುಗಳ ರಾಶಿ ಟನ್‌ಗಟ್ಟಲೆ ತೇಲಿತು. ಇವತ್ತು ನಾವು ಪಾಲಿಸುವ ಸೈನೈಡ್ ಸಂಹಿತೆ ಹುಟ್ಟಿದ್ದೇ ಅದಾದ ಮೇಲೆ. ಈಗ ಕೆಸರು ಹೊರಬಿಡುವ ಮೊದಲು ಗಂಧಕದ ಡೈಆಕ್ಸೈಡ್ ಮತ್ತು ಗಾಳಿ ಊದಿ ಸೈನೈಡ್ ಒಡೆಯುತ್ತಾರೆ. ನೀರು ಹಿಂಡಿ ತೆಗೆದು, ಒದ್ದೆ ಹಿಟ್ಟಿನ ಹದಕ್ಕೆ ತಂದು ಒತ್ತಿ ಪೇರಿಸುವ ವಿಧಾನವೂ ಇದೆ. ಅದಕ್ಕೆ ದುಡ್ಡು ಜಾಸ್ತಿ, ಆದರೆ ನೀರು ಉಳಿಯುತ್ತೆ, ಒಡ್ಡಿನ ಭಯವೂ ತಗ್ಗುತ್ತೆ. ಕೋಲಾರಕ್ಕೆ ನನ್ನ ಮಟ್ಟಿಗೆ ಅದೊಂದೇ ದಾರಿ. ಹರಾಜಿನ ಷರತ್ತಿನಲ್ಲಿ ಇದನ್ನು ಬರೆಸದೆ, ಆಮೇಲೆ ಕಂಪನಿಯನ್ನ ಬೇಡಿಕೊಂಡರೆ ಪ್ರಯೋಜನ ಇಲ್ಲ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ: ಸೈನೈಡ್ ದ್ರಾವಣದಿಂದ ಚಿನ್ನ ಹೀರಿಕೊಳ್ಳೋಕೆ ಕಾರ್ಬನ್ (ಇದ್ದಿಲು) ಹಾಕ್ತೀವಿ. ಚರಂಡಿ ನೀರಲ್ಲಿ ಉಳಿದ ಸಾವಯವ ಜಿಡ್ಡು ಆ ಕಾರ್ಬನ್ನಿನ ರಂಧ್ರಗಳನ್ನ ಮುಚ್ಚುತ್ತೆ. ಚಿನ್ನ ಹಿಡಿಯುವ ಶಕ್ತಿ ಇಳಿಯುತ್ತೆ. ಎಷ್ಟು ಇಳಿಯುತ್ತೆ ಅನ್ನೋದು ಚೊಕ್ಕವಾದ ಎಂಟೆಕ್ ವಿಷಯ, ಕೊರೆಯುವ ಖರ್ಚಿಲ್ಲ. ಮಾಲೂರು ಹುಡುಗ, ಕೇಳಿಸ್ತಾ?

ಸಂಡೂರು ಕೆಂಪುಮಣ್ಣು

ಚಿನ್ನದವರ ಮಧ್ಯೆ ಕಬ್ಬಿಣದವನು ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಕಡೆಯೂ ಇದೇ ಕಥೆ, ಬಣ್ಣ ಮಾತ್ರ ಬೇರೆ. ಅದಿರು ತೊಳೆದ ಕೆಂಪು ಕೆಸರು ಕೊಳದಲ್ಲಿ ತುಂಬಿದೆ. ಅದರಲ್ಲಿ ಕಬ್ಬಿಣ ಶೇ 50ರ ಮೇಲೇ ಇದ್ದರೂ ಜೇಡಿ ಜೊತೆ ಬರುವ ಅಲ್ಯುಮಿನಾ ಬಿಡಲ್ಲ, ಕುಲುಮೆಯವರು ಮುಟ್ಟಲ್ಲ. ಲ್ಯಾಬಿನಲ್ಲಿ ಹೈಡ್ರೋಸೈಕ್ಲೋನ್, ಮ್ಯಾಗ್ನೆಟಿಕ್ ಸೆಪರೇಟರ್, ಫ್ಲೊಟೇಶನ್ (ಖನಿಜವನ್ನ ನೊರೆಗೆ ಅಂಟಿಸಿ ತೇಲಿಸೋದು) ಎಲ್ಲದರಲ್ಲೂ ಚೆಂದದ ಅಂಕಿ ಬರ್ತದೆ. ಪ್ಲಾಂಟಿಗೆ ಹೋದರೆ 10 ಮೈಕ್ರಾನಿಗಿಂತ ಸಣ್ಣದು ಮೊಂಡು ಹಿಡಿಯುತ್ತೆ. ಲ್ಯಾಬಿಗೆ ತಂದ ಬಕೆಟ್ಟು ಕೊಳದ ಅಂಚಿನದ್ದು, ಪಂಪು ಎಳೆಯೋದು ನಡುವಿನದ್ದು. ಮೇಲೆ ಜೋಬರ್ಗಿನವರು ಹೇಳಿದ್ದು ಓದಿ "ಅಯ್ಯೋ ನಮ್ಮದೇ" ಅಂದೆ.

ಕುದುರೆಮುಖದವರು ಪುಣ್ಯವಂತರು. ಅವರದ್ದು ಮ್ಯಾಗ್ನೆಟೈಟ್, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುವ ಜಾತಿ. ಶೇ 38ರ ಕಲ್ಲನ್ನು ಶೇ 67ಕ್ಕೆ ತಂದು, ಕೆಸರು ಮಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸ್ತಿದ್ದರು. 2005ರ ಡಿಸೆಂಬರ್ 31ಕ್ಕೆ ಅದು ನಿಂತಿತು. ಲಕ್ಯಾ ಒಡ್ಡಿನ ಹಿಂದೆ ಹೂಳು ಇನ್ನೂ ಹಾಗೇ ಇದೆ. ಊರಿಗಾಂ ಅಣ್ಣ ಕೇಳಿದ ಪ್ರಶ್ನೆ ಅಲ್ಲಿಯೂ ಕೇಳಬಹುದು.

ಹಟ್ಟಿ ಮಿಲ್ಲು

ತಮ್ಮಾ, ನಿನ್ನ ಟೆಸ್ಟ್ ಬಗ್ಗೆ ಎರಡು ಮಾತು ಉಳದಾವ.

ಒಂದು. ಸೈನೈಡ್ ಎಷ್ಟು ತಿಂತು ಅಂತ ನೀ ಬರದಿಲ್ಲ. ಚಿನ್ನ ಎಷ್ಟು ಬಂತು ಅನ್ನೋದರ ಅರ್ಧ ಲೆಕ್ಕ ಅದು. ಪಶ್ಚಿಮ ಲೋಡಿನ ಕಲ್ಲಿನಾಗ ಪಿರ್ಹೋಟೈಟ್ (ಕಬ್ಬಿಣ, ಗಂಧಕ ಕೂಡಿದ ಖನಿಜ) ಇದ್ರ ಅದು ಸೈನೈಡೂ ತಿಂತದ, ಆಮ್ಲಜನಕಾನೂ ತಿಂತದ. ಚಿನ್ನ ಕರಗಬೇಕಂದ್ರ ಎರಡೂ ಬೇಕು. ಬಾಟಲಿ ಮುಚ್ಚಳಾ ಬಿಗಿ ಮಾಡಿ 48 ತಾಸು ಉರುಳಿಸಿದ್ರ ಒಳಗ ಗಾಳಿನ ಉಳದಿರಂಗಿಲ್ಲ. ನಾವು ಇಂಥಾ ಅದಿರಿಗಿ ಮೊದಲ ಸುಣ್ಣ ಹಾಕಿ ಗಾಳಿ ಊದಿ ನಾಕು ತಾಸು ತಿರುಗಿಸ್ತಿದ್ವಿ. ಗಂಧಕದ ಖನಿಜದ ಸಿಟ್ಟು ಇಳದ ಮ್ಯಾಲ ಸೈನೈಡ್. ಮಾಡಿ ನೋಡು, ಶೇ 62 ಮ್ಯಾಲ ಏರಿದ್ರೂ ಏರಬಹುದು.

ಎರಡು. ಯಾವಾಗಲೂ ಸುಣ್ಣ ಮೊದಲ, ಸೈನೈಡ್ ಆಮ್ಯಾಲ. ತಿರುಗಾ ಮುರುಗಾ ಆತಂದ್ರ ಪಿಎಚ್ ಒಂಬತ್ತರ ಸಮೀಪ ಇಳಿದು ವಿಷದ ಗಾಳಿ ಏಳ್ತದ. ಗೊತ್ತಿದ್ದವ್ರೂ ಅವಸರದಾಗ ಮಾಡ್ತಾರ. ಒಬ್ಬನ ಇರುವಾಗ ಸೈನೈಡ್ ಕೆಲಸ ಮಾಡಬ್ಯಾಡ.

ಸಲ್ಫೈಡಿನ ಒಳಗ ಕುಂತ ಚಿನ್ನಕ್ಕ ಅರೆಯೂದು ಒಂದ ದಾರಿ ಅಲ್ಲ. ಐಐಎಸ್‌ಸಿಯಾಗ ಕೆ.ಎ. ನಟರಾಜನ್ ಸರ್ ದಶಕಗಟ್ಟಲೆ ಇದರ ಮ್ಯಾಲ ಕೆಲಸ ಮಾಡ್ಯಾರ. ಗಣಿ ನೀರಿನಾಗ ತಾನ ಬೆಳಿಯೂ ಬ್ಯಾಕ್ಟೀರಿಯಾ ಸಲ್ಫೈಡ್ ತಿಂದು ಒಡೀತದ, ಒಳಗಿನ ಚಿನ್ನ ಸೈನೈಡಿಗಿ ಸಿಗ್ತದ. ನಿಮ್ಮ ಲೈಬ್ರರಿಯಾಗ ಅವರ ಬರಹ ಸಿಗ್ತಾವ. ಆದ್ರ 0.7 ಗ್ರಾಂ ಮಣ್ಣಿಗಿ ನೇರ ಇದನ್ನ ಮಾಡಾಕ ಬರಂಗಿಲ್ಲ. ಮೊದಲ ಫ್ಲೊಟೇಶನ್‌ನಾಗ ಸಲ್ಫೈಡ್ ಅಷ್ಟ ಎತ್ತಿ, ಆ ಹಿಡಿಯಷ್ಟು ಕಾನ್ಸನ್‌ಟ್ರೇಟಿಗಿ ಮಾತ್ರ ಮಾಡಬೇಕು.

ಮತ್ತ ಕಾರ್ಬನ್ ತಗೊಳ್ಳುವಾಗ ತೆಂಗಿನ ಚಿಪ್ಪಿಂದ ಮಾಡಿದ್ದ ತಗೋ. ಗಟ್ಟಿ ಇರ್ತದ, ಉರುಳಾಟಕ್ಕ ಸವಿಯಂಗಿಲ್ಲ. ಕಾರ್ಬನ್ ಸವೆದು ಪುಡಿ ಆತಂದ್ರ ಅದರ ಜೋಡಿ ಚಿನ್ನಾನೂ ಕೆಸರಿನಾಗ ಹೋತದ. ತಿಪಟೂರಿನ ಚಿಪ್ಪಿಗಿ ಚಿನ್ನ ಅಂಟ್ತದ ಅಂತ ನಾವು ನಗ್ತಿದ್ವಿ.

ಊರಿಗಾಂ ಲೈನು

ಹಟ್ಟಿ ಯಜಮಾನ್ರೆ, ನಿಮ್ಮಲ್ಲಿ ಶೀಲೈಟೂ ತೆಗೀತಿದ್ದರಂತಲ್ಲ, ಟಂಗ್‌ಸ್ಟನ್ ಅದಿರು. ನಮ್ಮ ದಿಬ್ಬದಲ್ಲೂ ಅದಿದೆ. ಚಿಕ್ಕವನಿದ್ದಾಗ ಮಿಲ್ಲಿನ ಮಾವ ಒಬ್ಬರು ಕತ್ತಲೆ ಕೋಣೇಲಿ ಅಲ್ಟ್ರಾವಯಲೆಟ್ ಲ್ಯಾಂಪ್ ಹಿಡಿದು ತೋರಿಸಿದ್ದರು. ಬಿಳಿ ಮಣ್ಣು ಅಂದುಕೊಂಡಿದ್ದರಲ್ಲಿ ಅಲ್ಲೊಂದು ಇಲ್ಲೊಂದು ಕಣ ನೀಲಿಯಾಗಿ ಹೊಳೀತು. ದೀಪಾವಳಿ ರಾತ್ರಿ ಬೆಟ್ಟದ ಮೇಲಿಂದ ಊರು ನೋಡಿದ ಹಾಗೆ. ಚಿನ್ನ ತೋರಿಸಿದ್ದರೂ ನನಗೆ ಅಷ್ಟು ಖುಷಿ ಆಗ್ತಿರಲಿಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಟಂಗ್‌ಸ್ಟನ್ ಇದೆ. ಚಿನ್ನ ತೆಗೆಯೋಕೆ ಇಡೀ ದಿಬ್ಬ ಕರಗಿಸ್ತೀರಿ ಅಂದರೆ ಅದನ್ನೂ ಒಂದು ಸಲ ಗಾಳಿಸಿ ನೋಡಲಿ. ಎರಡನೇ ಸಲ ಕರಗಿಸೋಕೆ ಊರು ಒಪ್ಪಲ್ಲ.

ಮಾಲೂರು ಹುಡುಗ

ಎರಡು ವಾರ ಬಿಟ್ಟು ಬರೀತಿದ್ದೀನಿ. ಮತ್ತೆ ಹೋಗಿ ಬಂದೆ. ಕೊರಕಲು ಬಿಟ್ಟು, ದಿಬ್ಬದ ಒಂದು ಕಡೆ ಹಿಂದೆಂದೋ ಕಡಿದ ಗೋಡೆಯಂಥ ಮುಖದಲ್ಲಿ ಮೇಲಿಂದ ಕೆಳಗೆ ಒಂದೇ ಅಗಲಕ್ಕೆ ಕೆರೆದೆ. ಟಾರ್ಪಾಲಿನ ಮೇಲೆ ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಇಟ್ಟುಕೊಂಡು ಉಳಿದದ್ದು ಬಿಟ್ಟೆ. ಹೀಗೆ ಮೂರು ಸಲ. ಪಲ್ವರೈಜರಿಗೆ ಮಧ್ಯೆ ಮಧ್ಯೆ ಬೆಣಚು ಹಾಕಿದೆ. ಒಂದೇ ಪುಡಿಯಿಂದ ಆರು ಅಸೇ ಮಾಡಿಸಿದೆ, ಸ್ಟೈಪೆಂಡ್ ಖಾಲಿ.

ಬಂದದ್ದು: 0.58, 0.71, 0.66, 0.62, 1.19, 0.64.

ಗಾಳಿ ಊದಿ, ಮೊದಲು ಸುಣ್ಣ, ಆಮೇಲೆ ಸೈನೈಡ್ ಹಾಕಿ ಮಾಡಿದ ಟೆಸ್ಟಿನಲ್ಲಿ ದ್ರಾವಣ ಮತ್ತು ಉಳಿದ ಪುಡಿ ಕೂಡಿಸಿದ ಲೆಕ್ಕ 0.67. ಕೈಗೆ ಬಂದದ್ದು ಶೇ 58. ಕೊರಕಲಿನ ಪುಡಿಗಿಂತ ಕಡಿಮೆಯೇ ಬಂತು, ಆದರೆ ಈ ಸಲ ಲೆಕ್ಕ ಕೂಡುತ್ತೆ. ಸೈನೈಡ್ ತಿಂದದ್ದು ಅಳೆದಿದ್ದೀನಿ, ನಾಳೆ ಹಾಕ್ತೀನಿ.

ಆ 1.19 ಏನು ಮಾಡೋದು? ಸ್ನೇಹಿತರು ತೆಗೆದುಹಾಕು ಅಂತಾರೆ.

ಪುಟ

ತೆಗೀಬೇಡ! ಅದು ತಪ್ಪು ಅಸೇ ಅಂತ ಯಾರು ಹೇಳಿದ್ದು? ಅದೂ ಆ ಮಣ್ಣಿನದೇ ಚಿನ್ನ. ಒಂದು ಕೆಜಿ ಪುಡಿ ತಗೊಂಡು 75 ಮೈಕ್ರಾನ್ ಜರಡಿಯಲ್ಲಿ ಸೋಸು. ಮೇಲೆ ಉಳಿದದ್ದನ್ನ ಪೂರ್ತಿ ಒಂದೇ ಮೂಸೆಗೆ ಹಾಕಿಸು, ಕೆಳಗೆ ಬಿದ್ದದ್ದರಿಂದ ಎರಡು ಅಸೇ. ತೂಕಕ್ಕೆ ತಕ್ಕ ಹಾಗೆ ಕೂಡಿಸು. ದಪ್ಪ ಕಣ ಇದ್ದರೆ ಮೇಲೆ ಸಿಕ್ಕಿಬೀಳುತ್ತೆ. ದುಡ್ಡಿಲ್ಲದಿದ್ದರೆ ಸೋಸಿ ಪೊಟ್ಟಣ ಕಟ್ಟಿ ಕಳಿಸು, ವಿಳಾಸ ಮೆಸೇಜ್ ಮಾಡ್ತೀನಿ. ಮೇಲೆ ಉಳಿದದ್ದು, ಕೆಳಗಿನದ್ದು ಅಂತ ಚೀಟಿ ಒಳಗೂ ಹಾಕು ಹೊರಗೂ ಅಂಟಿಸು.

ಊರಿಗಾಂ ಲೈನು

ಮತ್ತೆ ಬರೋದಿದ್ದರೆ ಬೆಳಗ್ಗೆ ಹತ್ತರೊಳಗೆ ಬಂದುಬಿಡು ತಮ್ಮಾ. ಮಧ್ಯಾಹ್ನ ಗಾಳಿ ಎದ್ದರೆ ಟಾರ್ಪಾಲಿನ ಮೇಲಿನ ನುಣ್ಣನೆಯದೆಲ್ಲ ಹಾರಿ ಆಂಡರ್ಸನ್‌ಪೇಟೆ ಸೇರುತ್ತೆ. ಹೋದ ಸಲ ಎಷ್ಟು ಹೊತ್ತಿಗೆ ಕೆರೆದೆ?

ಮಾಲೂರು ಹುಡುಗ

ಅಣ್ಣಾ... ಮೂರು ಗಂಟೆಗೆ.